ಕೆರೆಯ ಪ್ರೀತಿ, ಕುಂಬಾರ ಕನ್ಯೆಯ ಪ್ರೀತಿ

ಪ್ರತಿ ವರ್ಷ ಮಕರ ಸಂಕ್ರಮಣದ ವೇಳೆಗೆ ಸೊಲ್ಲಾಪುರದಲ್ಲಿ ಒಂದು ಮದುವೆ ನಡೆಯುತ್ತದೆ. ವರನ ಸ್ಥಾನದಲ್ಲಿರುವುದು ಸಿದ್ಧರಾಮೇಶ್ವರರ ಯೋಗದಂಡ. ವಧು ಕುಂಬಾರರ ಮನೆಯ ಕನ್ಯೆ. ಆಕೆ ಸಿದ್ಧರಾಮರನ್ನೇ ವರಿಸಬಯಸಿದಳೆಂದೂ, ಸಂಸಾರವನ್ನು ಒಲ್ಲದ ಶಿವಯೋಗಿಗಳು ತಮ್ಮ ಯೋಗದಂಡವನ್ನು ವರಿಸಲು ಒಪ್ಪಿಗೆಯಿತ್ತರೆಂದೂ ಐತಿಹ್ಯ. ಏಳು ನಂದಿಧ್ವಜಗಳ ಮೆರವಣಿಗೆಯನ್ನು ಕಂಡು, ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಹಾಕಿ ಕೈಮುಗಿದು ಬರುವ ನಾವು, ಆ ಕನ್ಯೆಯ ಮನಸ್ಸನ್ನು ಕುರಿತು ಯೋಚಿಸುವುದು ಕಡಿಮೆ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಕೆರೆಯ ನೀರು ಬಂದವರ ಕುಲ ಕೇಳದು, ಹೆಸರು ಕೇಳದು. ನಿಷ್ಕಾಮ ಪ್ರೇಮದ ಸ್ವರೂಪವೇ ಅದು: 'ಯಾರಾದರೂ ಸರಿ' ಎನ್ನುವುದು ಅದರ ಹಿರಿಮೆ. ಕನ್ಯೆಯ ಒಲವಾದರೋ 'ನೀನೇ ಬೇಕು' ಎನ್ನುತ್ತದೆ. ಬೇಡುವುದರಿಂದಲೇ ಅದು ಕೀಳೆಂದು ತೀರ್ಪು ಕೊಡುವುದು ನಮಗೆ ರೂಢಿಯಾಗಿದೆ.

ಆ ತೀರ್ಪು ಅವಸರದ್ದು. ಕೊಡುವ ಕೈಯಲ್ಲಿಯೂ 'ನಾನು ಕೊಟ್ಟೆ' ಎಂಬ ಭಾವ ಅಡಗಿರಬಲ್ಲದು. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನೇ ಅಲ್ಲಮಪ್ರಭುಗಳು ಕೆಣಕಿ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಇತ್ತ, ಒಬ್ಬರನ್ನೇ ನೆಚ್ಚಿದ ಒಲವು ಆ ಒಬ್ಬರ ದನಿ, ಮುನಿಸು, ಆಯಾಸಗಳನ್ನು ಅರಿಯುತ್ತದೆ. ಎಲ್ಲರನ್ನೂ ಪ್ರೀತಿಸುವವರಿಗೆ ಎದುರಿಗಿರುವ ಒಬ್ಬರು ಕಾಣದೆ ಹೋಗುವ ಅಪಾಯವುಂಟು.

ಇದು ನಮ್ಮ ಮನೆಗಳ ಮಾತೂ ಹೌದು. ಗಡಿಯಾಚೆಯ ಈ ನೆಲದಲ್ಲಿ ಕನ್ನಡ ಶಾಲೆಗಾಗಿ, ಸಂಘಕ್ಕಾಗಿ ರಾತ್ರಿಯವರೆಗೂ ದುಡಿದವರನ್ನು ನಾವು ಶಾಲು ಹೊದಿಸಿ ಸನ್ಮಾನಿಸಿದ್ದೇವೆ. ಅನ್ನಕ್ಕೆ ಮುಚ್ಚಳವಿಟ್ಟು ಕಾದು ಕುಳಿತ ಅವರ ಮನೆಯಾಕೆಯನ್ನು ವೇದಿಕೆಗೆ ಕರೆದದ್ದು ವಿರಳ. ಸೇವೆಯ ಹೆಸರಿನಲ್ಲಿ ಆಕೆಗೆ ದೊರೆತದ್ದೂ ಒಂದು ದಂಡವೇ ಅಲ್ಲವೇ? ಅದಕ್ಕೆ ಆಕೆಯ ಸಮ್ಮತಿಯನ್ನು ಯಾರು ಕೇಳಿದ್ದರು?

ಹಾಗೆಂದು ಕೆರೆ ಬೇಡವೆನ್ನಲಾಗದು. ಒಬ್ಬರಲ್ಲಿಯೇ ನಿಂತ ಒಲವು ಬಾವಿಯ ನೀರಿನಂತೆ. ನೆರೆಯವರ ನೀರಡಿಕೆಯನ್ನು ಅದು ಅರಿಯದು. ಕೆರೆ ಬತ್ತಿದರೆ ಬಾವಿಯೂ ಬತ್ತುತ್ತದೆ ಎಂಬುದು ನಮ್ಮ ಬರಗಾಲದ ಸೀಮೆಗೆ ತಿಳಿದ ಸತ್ಯ.

ಸೊಲ್ಲಾಪುರದ ಜನ ಸಿದ್ಧರಾಮರ ಕೆರೆಯನ್ನು ಮರೆತಿಲ್ಲ, ಕನ್ಯೆಯ ಒಲವನ್ನೂ ಮರೆತಿಲ್ಲ. ಲೋಕಹಿತಕ್ಕಾಗಿ ಆಕೆಯ ಬಯಕೆ ಸಣ್ಣದೆಂದು ತಳ್ಳದೆ, ವರ್ಷವರ್ಷವೂ ಅಕ್ಷತೆಯಿಟ್ಟು ಗೌರವಿಸುತ್ತಾರೆ. ಮುಂದಿನ ಸಂಕ್ರಮಣದಲ್ಲಿ ನಾವು ಅಕ್ಷತೆ ಎತ್ತಿಕೊಳ್ಳುವಾಗ, ನಮಗಾಗಿ ಮನೆಯಲ್ಲಿ ಕಾಯುತ್ತಿರುವವರನ್ನು ಒಮ್ಮೆ ನೆನೆಯೋಣ. ಆ ದಿನವಾದರೂ ಹೊತ್ತಿಗೆ ಮುಂಚೆ ಮನೆ ಸೇರೋಣ.