ಸಿಂಹ ಸೇನಾಪತಿಯ ಮನೆಬಾಗಿಲು



ಚೀನಾದಲ್ಲಿ ಗುವಾನ್ ಯು ಎಂಬ ಸೇನಾಪತಿ ಇದ್ದ. ಸತ್ತು 1800 ವರ್ಷವಾಗಿದೆ, ಇಂದಿಗೂ ಅಲ್ಲಿನ ಬೌದ್ಧ ವಿಹಾರಗಳಲ್ಲಿ ಧಮ್ಮದ ಕಾವಲುಗಾರನಾಗಿ ಅವನ ಮೂರ್ತಿ ನಿಂತಿದೆ. ನಮ್ಮ ಕಡೆಯೂ ಒಬ್ಬ ದಂಡನಾಯಕನಿದ್ದ. ಹೊಯ್ಸಳ ಮೂರನೇ ಬಲ್ಲಾಳನ ಕಾಲದ ಮಾಧವ ದಣ್ಣಾಯಕ, ತೆರಕಣಾಂಬಿ ಸೀಮೆಯನ್ನು ಆಳಿದವನು. ಗೋಪಾಲಸ್ವಾಮಿ ಬೆಟ್ಟದ ಗುಡಿಗೆ ಅವನ ಹೆಸರು ಹೇಳುತ್ತಾರೆ. ಸತ್ಯಮಂಗಲದ ಆಚೆ ಇದ್ದ ದಣ್ಣಾಯಕನ ಕೋಟೆ ಮಾತ್ರ 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟೆಯ ನೀರಿನೊಳಗೆ ಹೋಯಿತು. ಬರಗಾಲದಲ್ಲಿ ನೀರು ಇಳಿದಾಗ ಹಳೇ ಗುಡಿಯ ಕಲ್ಲುಗಳು ತಲೆ ಎತ್ತುತ್ತವೆ, ಮಳೆ ಬಂದರೆ ಮತ್ತೆ ಮುಳುಗುತ್ತವೆ.

ಕೋಟೆಯನ್ನೇ ಕಟ್ಟದೆ ಉಳಿದುಕೊಂಡ ಸೇನಾಪತಿಯೊಬ್ಬ ನಮ್ಮ ತಿಪಿಟಕದಲ್ಲಿದ್ದಾನೆ. ವೈಶಾಲಿಯ ಸಿಂಹ. ನಿಗಂಠರ, ಅಂದರೆ ಜೈನರ ಉಪಾಸಕ. ಸಭೆಯಲ್ಲಿ ಲಿಚ್ಛವಿಗಳು ಬುದ್ಧರನ್ನು ಹೊಗಳುವುದು ಕೇಳಿ ನೋಡಬೇಕೆನಿಸಿತು. ಗುರುವಿಗೆ ಹೇಳಿದ, ಅವರು ಎರಡು ಸಲ ತಡೆದರು. ಮೂರನೇ ಸಲ ಕೇಳದೆಯೇ ಹೊರಟ. ಬುದ್ಧರ ಎದುರು ಕೂತು, ನಿಮ್ಮ ಬಗ್ಗೆ ಜನ ಹೇಳುವ ದೂರು ನಿಜವೇ ಎಂದು ನೇರವಾಗಿ ಕೇಳಿದ. ಉತ್ತರ ಒಪ್ಪಿಗೆಯಾಗಿ, ಇಂದಿನಿಂದ ನಾನು ನಿಮ್ಮ ಉಪಾಸಕ ಎಂದ.

ಬೇರೆ ಯಾರಾದರೂ ಆಗಿದ್ದರೆ ಊರೆಲ್ಲ ಬಾವುಟ ಹಿಡಿದು ಸಾರುತ್ತಿದ್ದರು. ಬುದ್ಧರು ಹೇಳಿದ್ದು, ಚೆನ್ನಾಗಿ ವಿಚಾರಿಸಿ ನೋಡು ಎಂದು. ಬಾಬಾಸಾಹೇಬರು ಯೇವಲೆಯಲ್ಲಿ ಮಾತು ಕೊಟ್ಟದ್ದು 1935ರಲ್ಲಿ, ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ಕ್ಕೆ. 21 ವರ್ಷ ವಿಚಾರಿಸಿದರು.

ಸಿಂಹನಿಗೆ ಬುದ್ಧರು ಇನ್ನೊಂದು ಮಾತೂ ಹೇಳಿದರು. ಇಷ್ಟು ದಿನ ನಿಗಂಠರಿಗೆ ನಿನ್ನ ಮನೆ ನೀರಿನ ಬಾವಿಯಂತಿತ್ತು, ಇನ್ನು ಮುಂದೆಯೂ ಅವರು ಬಂದರೆ ಭಿಕ್ಷೆ ಕೊಡು ಎಂದು.

ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಓದು ನಿಂತುಬಿಡುತ್ತದೆ. ದೀಕ್ಷೆ ತೆಗೆದುಕೊಂಡ ಹೊಸದರಲ್ಲಿ ಮಾದಪ್ಪನ ಕಂಸಾಳೆಯವರು ನಮ್ಮ ಬಾಗಿಲಿಗೆ ಬಂದಿದ್ದರು. ನಾನು ಈಗ ಬೌದ್ಧರು ನಾವು, ಮುಂದಕ್ಕೆ ಹೋಗಿ ಎಂದೆ. ಅವ್ವ ಮೊರದಲ್ಲಿ ರಾಗಿ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಆ ಮುದುಕ ಏನೂ ಅನ್ನದೆ ಜೋಳಿಗೆ ಸರಿಮಾಡಿಕೊಂಡು ಇಳಿದು ಹೋದ. ಆ ರಾತ್ರಿ ಅವ್ವ ಸರಿಯಾಗಿ ಊಟ ಮಾಡಲಿಲ್ಲ.

22 ಪ್ರತಿಜ್ಞೆಗಳಲ್ಲಿ ಆ ದೇವರುಗಳನ್ನು ಪೂಜಿಸುವುದಿಲ್ಲ ಎಂದಿದೆ, ಅದರಲ್ಲಿ ರಾಜಿ ಇಲ್ಲ. ಪೂಜೆ ಬೇರೆ, ಮೊರದ ರಾಗಿ ಬೇರೆ. ಅದೇ ಪ್ರತಿಜ್ಞೆಗಳಲ್ಲಿ ದಶ ಪಾರಮಿತೆಗಳನ್ನು ಪಾಲಿಸುತ್ತೇನೆ ಎಂದೂ ಇದೆ, ಅವುಗಳಲ್ಲಿ ದಾನವೂ ಒಂದು. ಎಂ.ಎ. ಮಾಡಿದ ನನಗೆ ಇದು ಹೊಳೆಯಲು ಸುಮಾರು ವರ್ಷ ಬೇಕಾಯಿತು. ಅಕ್ಷರ ಬಾರದ ಅವ್ವನಿಗೆ ಅವತ್ತೇ ಗೊತ್ತಿತ್ತು.

ದೀಕ್ಷೆ ಪಡೆಯದ ಅಣ್ಣತಮ್ಮಂದಿರ ಮನೆಯ ಮದುವೆಗೆ ಹೋಗಬೇಕೇ ಎಂದು ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಹೋಗಿ. ಧಾರೆಗೆ ಕೈಮುಗಿಯುವುದು ಬೇಡ, ಬಡಿಸುವುದಕ್ಕೆ ನಿಲ್ಲಿ.

ಜೈ ಭೀಮ್.