ಬೆಸುಗೆಯ ಕೋನ

ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲವನ್ನು ಒಯ್ಯುವ ೪೫೦ ಕಿಲೋಮೀಟರ್ ಉದ್ದದ ಕೊಳವೆಮಾರ್ಗವು ೨೦೨೧ನೆಯ ಇಸವಿಯ ಜನವರಿ ೫ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅದು ನಮ್ಮ ಕಾಸರಗೋಡು ಜಿಲ್ಲೆಯ ನೆಲದಡಿಯಲ್ಲಿಯೂ ಸಾಗಿದೆ. ಮಣ್ಣು ಮುಚ್ಚಿದ ಮೇಲೆ ಅದರ ಬೆಸುಗೆಗಳನ್ನು ಯಾರೂ ಕಾಣರು. ಕಾಣದ ಕೆಲಸವು ಕೆಟ್ಟರೆ ದೋಷವು ಯಾರದು? ಸಾಮಾನ್ಯವಾಗಿ ನಾವು ಬೆಸುಗೆಗಾರನ ಕಡೆಗೆ ಬೆರಳು ತೋರುತ್ತೇವೆ. ಇದು ನ್ಯಾಯವೆ?

ದಪ್ಪ ಗೋಡೆಯ ಎರಡು ಕೊಳವೆಗಳನ್ನು ಸುಮ್ಮನೆ ತಾಗಿಸಿ ಬೆಸೆದರೆ ಬೆಸುಗೆಯು ಬುಡಕ್ಕಿಳಿಯದು. ಆದಕಾರಣ ತುದಿಗಳನ್ನು ಓರೆಯಾಗಿ ಕೆತ್ತುವರು. ಈ ಓರೆಗೆ ಬೆವೆಲ್ ಎಂದು ಹೆಸರು. ಕೊಳವೆಮಾರ್ಗಗಳಲ್ಲಿ ಪ್ರತಿ ತುದಿಗೆ ೩೦ ಡಿಗ್ರಿಯ ಓರೆಯು ರೂಢಿಯಾದುದು. ಎರಡೂ ಕೂಡಿದಾಗ ೬೦ ಡಿಗ್ರಿಯ ಕಣಿವೆಯಾಗುತ್ತದೆ. ಬೇರೆಡೆ ೩೭½ ಡಿಗ್ರಿಯೂ ಉಂಟು.

ಇಲ್ಲಿ ಗಣಿತವು ನೆರವಿಗೆ ಬರುತ್ತದೆ. ಗೋಡೆಯ ದಪ್ಪ ೧೦ ಮಿಲಿಮೀಟರ್ ಎಂದಿಟ್ಟುಕೊಂಡು, ಬುಡದ ಸಣ್ಣ ಸಂದನ್ನು ಗಣಿಸದಿದ್ದರೆ, ೩೦ ಡಿಗ್ರಿಯ ಓರೆಗಳ ನಡುವಿನ ಕಣಿವೆಯ ಅಡ್ಡಛೇದವು ಸುಮಾರು ೫೮ ಚದರ ಮಿಲಿಮೀಟರ್. ೩೭½ ಡಿಗ್ರಿಗೆ ಸುಮಾರು ೭೭. ಅಂದರೆ ಮೂರನೆಯ ಒಂದು ಪಾಲು ಹೆಚ್ಚು ಲೋಹ, ಹೆಚ್ಚು ಶಾಖ, ಹೆಚ್ಚು ಕಾಲ, ಆರುವಾಗ ಹೆಚ್ಚು ಸೆಳೆತ. ಹಾಗೆಂದು ಮಿತವ್ಯಯಕ್ಕಾಗಿ ಕೋನವನ್ನು ತೀರ ಕಿರಿದುಮಾಡಿದರೆ ಸಲಾಕೆಯ ಜ್ವಾಲೆಯು ಬುಡವನ್ನು ಮುಟ್ಟದು. ಕಿಟ್ಟವು ಒಳಗೇ ಉಳಿಯುವುದು. ಪಕ್ಕದ ಗೋಡೆಯು ಕರಗಿ ಬೆರೆಯದೆ ಬರಿದೆ ಅಂಟಿಕೊಂಡಿರುವುದು.

ಹಾಗಾದರೆ ೩೦ ಎಂಬ ಅಂಕೆಯಲ್ಲಿಯೇ ಧರ್ಮವಿದೆಯೆ? ಇಲ್ಲ. ತೆಳುತಂತಿಯಿಂದ ಬೆಸೆಯುವ ಸ್ವಯಂಚಾಲಿತ ಯಂತ್ರಕ್ಕೆ ಕೆಲವೇ ಡಿಗ್ರಿಗಳ ಕಿರುಕಣಿವೆಯೂ ಸಾಕು. ಕೈಯ ಸಲಾಕೆಗೆ ಅದು ಸಾಲದು. ಬೆಸೆಯುವವನ ಸಾಧನವು ಬುಡವನ್ನು ಮುಟ್ಟಬಲ್ಲುದೆ ಎಂಬುದೊಂದೇ ಸರಿಯಾದ ಪ್ರಶ್ನೆ.

ಪರೀಕ್ಷಕರಿದ್ದಾರಲ್ಲ ಎನ್ನಬಹುದು. ಆದರೆ ಕ್ಷ-ಕಿರಣದ ಚಿತ್ರವು ಗುಳ್ಳೆಯನ್ನು ಸುಲಭವಾಗಿ ತೋರಿದರೂ, ಕಿರಣಕ್ಕೆ ಓರೆಯಾಗಿ ನಿಂತ ತೆಳುವಾದ ಬಿರುಕನ್ನು ತೋರದೆ ಬಿಡಬಹುದು. ಗೋಡೆಯು ಬೆರೆಯದ ದೋಷವು ಅಂತಹುದೇ. ಶ್ರವಣಾತೀತ ಧ್ವನಿಯ ಪರೀಕ್ಷೆಯು ಅದನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಆದರೂ ಪರೀಕ್ಷೆಯು ದೋಷವನ್ನು ಹುಡುಕಬಲ್ಲುದಲ್ಲದೆ, ತಪ್ಪಿದ ಕೋನವನ್ನು ತಿದ್ದಲಾರದು.

ಕೋನವನ್ನು ನಿಶ್ಚಯಿಸುವವನು ಹಲವು ವೇಳೆ ಮೇಜಿನ ಮುಂದಿರುತ್ತಾನೆ, ಬೆಸೆಯುವವನು ಕಂದಕದಲ್ಲಿರುತ್ತಾನೆ. ಎಡೆಯಿಲ್ಲದ ಕಣಿವೆಯನ್ನು ಕೊಟ್ಟು ಪ್ರಾಮಾಣಿಕತೆಯನ್ನು ಕೇಳುವುದು ಅನ್ಯಾಯ. ಹಾಗೆಯೇ, ಬುಡವು ಬೆಸೆಯಲಿಲ್ಲವೆಂದು ತಿಳಿದೂ ಮೇಲಿನ ಪದರವನ್ನು ಅಂದಗೊಳಿಸುವ ಬೆಸುಗೆಗಾರನೂ ನಿರ್ದೋಷಿಯಲ್ಲ. ಆದರೆ ಮೊದಲ ಹೊಣೆಯು ಎಡೆಗೊಡಬೇಕಾದವನದು.

ಉಪಾಧ್ಯಾಯರಾದ ನಾವು ಇದನ್ನು ನೆನೆಯಬೇಕು. ಪಾಠಗಳನ್ನು ಮುಗಿಸುವ ಅವಸರದಲ್ಲಿ ಮಗುವಿನ ಸಂದೇಹಕ್ಕೆ ಎಡೆಗೊಡದೆ, ಅದು ಉತ್ತರವನ್ನು ನಕಲುಮಾಡಿ ದುಂಡಗೆ ಬರೆದಾಗ ಮೋಸವೆಂದು ಗದರುತ್ತೇವೆ. ಮಗುವಿನ ತಪ್ಪು ತಪ್ಪೇ. ಆದರೆ ಅದನ್ನು ತಿದ್ದುವ ಮೊದಲು, ನಾವು ಕೊಟ್ಟ ಕೋನವೆಷ್ಟೆಂದು ಅಳೆದುಕೊಳ್ಳುವುದು ಒಳ್ಳೆಯದು.