ಕ್ರಿಯಾಪದದ ಕಾಲ, ಲೋಕದ ಕಾಲ

ಇಂಗ್ಲಿಷಿನ ‘ವಾಕ್’ ಎಂಬ ಸಾಧಾರಣ ಕ್ರಿಯಾಪದಕ್ಕೆ ಇರುವುದು ನಾಲ್ಕೇ ರೂಪ: ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ನಿಯಮ ಮೀರದ ಕ್ರಿಯಾಪದಗಳೆಲ್ಲ ಇದೇ ದಾರಿಯವು. ಶಾಲೆಯ ವ್ಯಾಕರಣ ಈ ರೂಪಗಳಿಗೆ ಸಹಾಯಕ ಕ್ರಿಯಾಪದಗಳನ್ನು ಜೋಡಿಸಿ 12 ಕಾಲಗಳ ಪಟ್ಟಿ ಕೊಡುತ್ತದೆ. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರಕ್ಕೂ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ನಾಲ್ಕು ಬಗೆ. ಬಾಯಿಪಾಠಕ್ಕೆ ಪಟ್ಟಿ ಅನುಕೂಲವೇ. ಆದರೆ ಕಾಲ ನಿಜಕ್ಕೂ ಮೂರು ಪಾಲಾಗಿದೆಯೇ, ಆ ಪಾಲುಗಳು ಮಾತಿನಲ್ಲಿ ಮಾತ್ರ ಇವೆಯೇ ಎಂಬ ಹಳೆಯ ತಾತ್ತ್ವಿಕ ಪ್ರಶ್ನೆಗೆ ಅದು ಯಾರೂ ಕೇಳುವ ಮೊದಲೇ ಉತ್ತರ ಕೊಟ್ಟುಬಿಟ್ಟಿರುತ್ತದೆ.

ಆ ಉತ್ತರವನ್ನು ಕ್ರಿಯಾಪದವೇ ಒಪ್ಪುವುದಿಲ್ಲ. ಪ್ರತ್ಯಯಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇಂಗ್ಲಿಷಿಗೆ ಭವಿಷ್ಯತ್ಕಾಲವಿಲ್ಲ. ಅದನ್ನು ತುಂಬಿಕೊಡುವ ‘ವಿಲ್’ ಮೂಲದಲ್ಲಿ ‘ಬಯಸು’ ಎಂಬರ್ಥದ ಕ್ರಿಯಾಪದ. ‘ಈ ಹೊತ್ತಿಗೆ ಅವನು ಮನೆ ಸೇರಿರಬೇಕು’ ಎಂದು ಈಗಿನ ಸಂಗತಿಯನ್ನು ಊಹಿಸುವಾಗಲೂ ಅದೇ ‘ವಿಲ್’ ಬರುತ್ತದೆ. ನಾಳೆ ಬೆಳಗ್ಗೆ ಹೊರಡುವ ರೈಲಿಗೆ ವರ್ತಮಾನ ರೂಪವೇ ಸಾಕು. ಇನ್ನು ಸಿಂಪಲ್ ಪ್ರೆಸೆಂಟ್ ಎಂಬುದು ಹೆಚ್ಚಿನ ಸಲ ಈ ಕ್ಷಣದ ವಿಚಾರವನ್ನೇ ಹೇಳುವುದಿಲ್ಲ. ‘ಶಿ ವಾಕ್ಸ್’ ಎಂದರೆ ಅವಳಿಗೆ ನಡೆಯುವ ರೂಢಿ ಇದೆ ಎಂದು. ಈಗ ನಡೆಯುತ್ತಿದ್ದರೆ ‘ಶಿ ಈಸ್ ವಾಕಿಂಗ್’ ಎನ್ನಬೇಕು. ಎರಡೂ ಎರಡೂ ಕೂಡಿದರೆ ನಾಲ್ಕು ಎಂಬ, ಯಾವ ಕಾಲಕ್ಕೂ ಸೇರದ ಸತ್ಯಕ್ಕೂ ಇದೇ ರೂಪ.

ಎಲ್ಲಕ್ಕಿಂತ ವಿಚಿತ್ರ ‘ವಾಕ್ಡ್’. ‘ಇಫ್ ಐ ವಾಕ್ಡ್’ ಎಂದಾಗ ಅದರಲ್ಲಿ ಕಳೆದುಹೋದದ್ದು ಏನೂ ಇಲ್ಲ, ನಡೆಯದ ಸಂಗತಿಯೊಂದರ ಕಲ್ಪನೆ ಇದೆ. ಕನ್ನಡಿಗರು ಇದಕ್ಕೆ ಬೆರಗಾಗಬೇಕಿಲ್ಲ. ‘ನಾಳೆ ಮಳೆ ಬಂದರೆ’ ಎನ್ನುವಾಗ ಬರಲಿರುವ ಮಳೆಗೆ ‘ಬಂದ’ ಎಂಬ ಭೂತರೂಪವೇ ಆಧಾರ. ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ಕಡೆ ಹೀಗೆ ನಡೆದುಕೊಂಡದ್ದನ್ನು ಕಂಡರೆ, ಭೂತರೂಪದ ಕೆಲಸ ಕಾಲ ತೋರಿಸುವುದಷ್ಟೇ ಅಲ್ಲ, ಹೇಳುವವನಿಗೂ ಹೇಳಿದ್ದಕ್ಕೂ ನಡುವಿನ ದೂರವನ್ನು ಗುರುತಿಸುವುದೂ ಹೌದು ಎನಿಸುತ್ತದೆ. ಪಾಣಿನಿ ಈ ದೂರವನ್ನು ಸೂತ್ರದಲ್ಲೇ ಇಟ್ಟಿದ್ದಾನೆ. ಸಂಸ್ಕೃತದ ಮೂರು ಭೂತಗಳಲ್ಲಿ ಲುಙ್ ಸಾಮಾನ್ಯ ಭೂತಕ್ಕೆ, ಲಙ್ ಇಂದಿನದಲ್ಲದ ಭೂತಕ್ಕೆ, ಲಿಟ್ ಹೇಳುವವನು ಕಣ್ಣಾರೆ ಕಾಣದ ಭೂತಕ್ಕೆ.

ಹೇಳುವವನ ನೋಟವೆಂಬ ಈ ಅಂಶವನ್ನು ಇಂಗ್ಲಿಷಿನ ಮೇಲೆ ಕ್ರಮವಾಗಿ ಪ್ರಯೋಗಿಸಿದವನು ತತ್ತ್ವಜ್ಞಾನಿ ಹಾನ್ಸ್ ರೈಖನ್‌ಬಾಖ್. 1947ರ ತರ್ಕಶಾಸ್ತ್ರದ ಗ್ರಂಥದಲ್ಲಿ ಆತ ಪ್ರತಿ ವಾಕ್ಯಕ್ಕೂ ಮೂರು ಬಿಂದುಗಳನ್ನು ಗುರುತಿಸಿದ: ಮಾತಾಡುವ ಕ್ಷಣ, ಘಟನೆಯ ಕ್ಷಣ, ನೋಡುವವನು ನಿಂತು ನೋಡುವ ಕ್ಷಣ. ‘ಶಿ ವಾಕ್ಡ್’ ಎಂಬಲ್ಲಿ ಘಟನೆಯೂ ನೋಟವೂ ಹಿಂದೆಯೇ ಇವೆ. ‘ಶಿ ಹ್ಯಾಸ್ ವಾಕ್ಡ್’ ಎಂಬಲ್ಲಿ ಘಟನೆ ಹಿಂದಿನದು, ನೋಟ ಇಂದಿನದು. ಆದ್ದರಿಂದಲೇ ಅದರ ಜೊತೆ ‘ನಿನ್ನೆ’ ಎಂಬ ಪದ ಕೂಡುವುದಿಲ್ಲ. ‘ಶಿ ಹ್ಯಾಡ್ ವಾಕ್ಡ್’ ಎಂದಾಗ ನೋಟವೇ ಹಿಂದೆ ಸರಿದಿದೆ, ಘಟನೆ ಅದಕ್ಕೂ ಹಿಂದೆ. ವಿದ್ಯಾರ್ಥಿಗಳನ್ನು ಕಾಡುವ ಪರ್ಫೆಕ್ಟ್ ರೂಪಗಳಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗುವುದು ಕಷ್ಟ.

ಹಾಗಾದರೆ ಮೂರು ಕಾಲ ನೋಟದಲ್ಲಷ್ಟೇ ಇದೆಯೇ? ಕೇಂಬ್ರಿಜ್‌ನ ಮ್ಯಾಕ್‌ಟಗರ್ಟ್ 1908ರಲ್ಲಿ ಬರೆದ ಪ್ರಬಂಧ ಇನ್ನೂ ಮುಂದೆ ಹೋಗಿ, ಕಾಲವೇ ಇಲ್ಲವೆಂದಿತು. ಘಟನೆಗಳನ್ನು ಎರಡು ಬಗೆಯಲ್ಲಿ ಸಾಲಾಗಿ ಇಡಬಹುದು. ‘ಇದರ ಹಿಂದೆ ಅದು’ ಎಂಬ ಸಾಲು ಎಂದೂ ಬದಲಾಗದು. ‘ಭವಿಷ್ಯತ್, ವರ್ತಮಾನ, ಭೂತ’ ಎಂಬ ಸಾಲು ಸದಾ ಬದಲಾಗುತ್ತದೆ. ಬದಲಾವಣೆ ಇಲ್ಲದೆ ಕಾಲವಿಲ್ಲವಾದ್ದರಿಂದ ಎರಡನೆಯದೇ ಮುಖ್ಯ. ಆದರೆ ಅದರಲ್ಲಿ ಒಂದೇ ಘಟನೆಗೆ ಪರಸ್ಪರ ಹೊಂದದ ಮೂರು ಗುಣಗಳು ಅಂಟುತ್ತವೆ. ಒಟ್ಟಿಗೆ ಅಲ್ಲ, ಒಂದಾದ ಮೇಲೊಂದು ಎಂದು ಸಮಾಧಾನ ಹೇಳಹೊರಟರೆ ‘ಆಗಿತ್ತು, ಆಗಿದೆ, ಆಗಲಿದೆ’ ಎಂದು ಕ್ರಿಯಾಪದದ ಕಾಲಗಳನ್ನೇ ಮತ್ತೆ ಬಳಸಬೇಕು. ತೊಡಕು ಒಂದು ಮೆಟ್ಟಿಲು ಮೇಲೇರುತ್ತದೆ, ಬಿಡುವುದಿಲ್ಲ. ನಾಗಾರ್ಜುನ ಬಹಳ ಹಿಂದೆಯೇ ಮೂಲಮಧ್ಯಮಕಕಾರಿಕೆಯಲ್ಲಿ ನಡಿಗೆಯನ್ನೇ ಉದಾಹರಣೆಯಾಗಿ ಹಿಡಿದು, ನಡೆದಾದ ದಾರಿಯಲ್ಲೂ ಇನ್ನೂ ನಡೆಯದ ದಾರಿಯಲ್ಲೂ ನಡಿಗೆ ಸಿಗುವುದಿಲ್ಲ, ನಡೆಯುತ್ತಿರುವ ದಾರಿ ಇವೆರಡನ್ನು ಬಿಟ್ಟು ಬೇರೆಯಾಗಿ ನಿಲ್ಲುವುದಿಲ್ಲ ಎಂದು ತೋರಿಸಿದ್ದ. ತೀರ್ಮಾನ ಮಾತ್ರ ಒಂದೇ ಅಲ್ಲ. ಮ್ಯಾಕ್‌ಟಗರ್ಟ್‌ಗೆ ಕಾಲ ಮಿಥ್ಯೆ. ನಾಗಾರ್ಜುನನಿಗೆ ಅದು ಸ್ವಭಾವಶೂನ್ಯ, ವ್ಯವಹಾರದಲ್ಲಿ ಸಲ್ಲುತ್ತದೆ.

ಮೂರು ಕಾಲಗಳಿಂದ ಇಷ್ಟು ತೊಡಕಾದರೆ ‘ಇದರ ಹಿಂದೆ ಅದು’ ಎಂಬ ಬದಲಾಗದ ಸಾಲೇ ಸಾಕು, ಕಾಲಸೂಚಕ ರೂಪಗಳನ್ನು ಬಿಟ್ಟುಬಿಡಬಹುದು ಎಂಬ ವಾದವೂ ಇದೆ. ಅದಕ್ಕೆ ನ್ಯೂಜಿಲೆಂಡಿನಲ್ಲಿ ಹುಟ್ಟಿದ ತತ್ತ್ವಜ್ಞಾನಿ ಆರ್ಥರ್ ಪ್ರಯರ್ 1959ರಲ್ಲಿ ಸರಳವಾದ ಅಡ್ಡಿ ಒಡ್ಡಿದ. ಕಷ್ಟವೊಂದು ಕಳೆದಾಗ ಮನುಷ್ಯ ‘ಸದ್ಯ, ಮುಗಿಯಿತು’ ಎಂದು ನಿಟ್ಟುಸಿರು ಬಿಡುತ್ತಾನೆ. ಆ ಕಷ್ಟದ ಕೊನೆಯ ತಾರೀಕು ಇಂಥದ್ದು ಎಂಬ ಸಂಗತಿ ಮೊದಲೂ ಸತ್ಯವಾಗಿತ್ತು, ಅದಕ್ಕಾಗಿ ಯಾರೂ ನಿರಾಳವಾಗುವುದಿಲ್ಲ. ಹ್ಯೂ ಮೆಲರ್ 1981ರಲ್ಲಿ ಮರುತ್ತರ ಕೊಟ್ಟ: ‘ಈಗ’ ಎಂಬ ನಂಬಿಕೆ ಸಕಾಲದಲ್ಲಿ ಎದ್ದು ಕೆಲಸ ಮಾಡಲು ಬೇಕೇ ಬೇಕು, ಆದರೆ ಅದನ್ನು ಸತ್ಯವಾಗಿಸುವ ಸಂಗತಿಗೆ ಕಾಲಸೂಚನೆ ಬೇಕಿಲ್ಲ. ವ್ಯಾಕರಣದ ಸಾಕ್ಷ್ಯ ಮೆಲರ್ ಕಡೆಗೆ ವಾಲುತ್ತದೆ. ನಿಟ್ಟುಸಿರಿನ ಸಾಕ್ಷ್ಯ ಪ್ರಯರ್ ಕಡೆಗೆ, ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ದೇವರ ವಿಷಯದಲ್ಲಿ ಇದೇ ತೊಡಕು ಬಿಗಿಯಾಗುತ್ತದೆ. ನಾಳೆ ನೌಕಾಯುದ್ಧವಾಗುತ್ತದೆ ಎಂಬ ಮಾತು ಇಂದೇ ಸತ್ಯವಾದರೆ ಯುದ್ಧ ತಪ್ಪಿಸಲಾಗದಲ್ಲ ಎಂದು ಅರಿಸ್ಟಾಟಲ್ ಚಿಂತಿಸಿದ್ದ. ದೇವರು ನಾಳೆಯನ್ನು ಮೊದಲೇ ಅರಿತಿದ್ದರೆ ಮನುಷ್ಯನ ಆಯ್ಕೆಗೆ ಏನರ್ಥ ಎಂಬುದು ಕ್ರೈಸ್ತ ಚಿಂತಕರ ಪ್ರಶ್ನೆಯಾಯಿತು. ಆರನೆಯ ಶತಮಾನದಲ್ಲಿ ಸೆರೆಮನೆಯಲ್ಲಿದ್ದ ಬೊಯಿಥಿಯಸ್, ದೇವರು ‘ಮೊದಲೇ’ ಅರಿಯುವುದಿಲ್ಲ, ಎಲ್ಲ ಕಾಲವನ್ನೂ ಒಂದೇ ನೋಟದಲ್ಲಿ ಕಾಣುತ್ತಾನೆ ಎಂದು ಬಿಡಿಸಿದ. ದೇವರ ಕ್ರಿಯಾಪದಕ್ಕೆ ಕಾಲರೂಪಗಳಿಲ್ಲ ಎಂದಂತಾಯಿತು. ಪ್ರಯರ್ 1962ರಲ್ಲಿ ಇದರ ಬೆಲೆ ಎಷ್ಟೆಂದು ತೋರಿಸಿದ. ಅಂಥ ದೇವರಿಗೆ ಮ್ಯಾಂಚೆಸ್ಟರಿನ 1960ರ ಅಂತಿಮ ಪರೀಕ್ಷೆಗಳ ತಾರೀಕು ಗೊತ್ತಿರಬಹುದು. ಅವು ಈಗ ಮುಗಿದಿವೆ ಎಂಬುದು ಗೊತ್ತಿರಲಾರದು. ಅದು ಗೊತ್ತಾಗಬೇಕಾದರೆ ದೇವರ ಅರಿವೂ ಪರೀಕ್ಷೆಗೆ ಮುಂಚೆ ಒಂದು, ಆಮೇಲೆ ಇನ್ನೊಂದು ಆಗಬೇಕು. ದೇವರು ಬದಲಾಗನು ಎಂಬ ನಂಬಿಕೆಯನ್ನು ಆಗ ಬಿಡಬೇಕಾಗುತ್ತದೆ.